ಸೊಂಟ ನೋವು: ಯಾರಿಗೆ ಹೇಳೋಣ?

ನಾಟಿ ಕಾಲ. ಕೆಸರು ಗದ್ದೆ. ಬೆಳಗ್ಗೆ ಬಗ್ಗಿದ ಸೊಂಟ ಎದ್ದು ನಿಲ್ಲುವುದು ಸಂಜೆಗೆ.

ಸೊಸೆ ಗದ್ದೆಯಿಂದ ಬಂದಳು. ನೀರಿನ ಕೊಡ ಎತ್ತಲು ಹೋದಳು. ಸೊಂಟ ಹಿಡಿದುಕೊಂಡಿತು. ಅಲ್ಲೇ ಕುಸಿದು ಕುಳಿತಳು.

"ಅಯ್ಯೋ ಅತ್ತೆ, ಆಗ್ತಾ ಇಲ್ಲ."

ಅತ್ತೆ ಒಲೆ ಮುಂದೆ ಕೂತಿದ್ದರು. "ಯಾರಿಗಿಲ್ಲ ಸೊಂಟ ನೋವು? ನನಗೂ ಐತೆ. ನಾನು ಯಾರ ಹತ್ರಾನಾದ್ರೂ ಹೇಳಿದ್ನಾ?" ಅಂದರು.

ಅತ್ತೆ ಹೇಳಿದ್ದರಲ್ಲಿ ಅರ್ಧ ನಿಜ. ಸೊಂಟ ನೋವು ಬಹಳ ಜನಕ್ಕೆ ಇದೆ. 2020ರಲ್ಲಿ ಪ್ರಪಂಚದಲ್ಲಿ ಸುಮಾರು 62 ಕೋಟಿ ಜನಕ್ಕೆ ಈ ನೋವು ಇತ್ತು. ಇದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದ ಲೆಕ್ಕ. ಗಂಡಸರಿಗಿಂತ ಹೆಂಗಸರಿಗೇ ಹೆಚ್ಚು. ಕೊಡ ಹೊತ್ತವರು, ಕಳೆ ಕಿತ್ತವರು, ಮಗು ಹೆತ್ತವರು ನಾವೇ ಅಲ್ಲವೇ?

ಆದರೆ ಎಷ್ಟು ಜನ ಹೋಗಿ ತೋರಿಸುತ್ತಾರೆ? ಬ್ರಿಟನ್ ದೇಶದಲ್ಲಿ 2009ರಲ್ಲಿ ಒಂದು ಲೆಕ್ಕ ಹೇಳಿದರು. ಅಲ್ಲಿ ವರ್ಷದಲ್ಲಿ ಮೂವರಲ್ಲಿ ಒಬ್ಬರಿಗೆ ಸೊಂಟ ನೋವು ಬರುತ್ತದೆ. ನೋವು ಬಂದ ಐವರಲ್ಲಿ ಒಬ್ಬರು ಮಾತ್ರ ಊರಿನ ಡಾಕ್ಟರ ಹತ್ತಿರ ಹೋಗುತ್ತಾರೆ. ನಾಲ್ವರು ಹೋಗುವುದಿಲ್ಲ. ಅಲ್ಲಿ ಡಾಕ್ಟರಿಗೆ ತೋರಿಸಲು ದುಡ್ಡು ಕೊಡಬೇಕಿಲ್ಲ. ಆದರೂ ಹೋಗುವುದಿಲ್ಲ.

ಅದು ತಪ್ಪೇ? ಎಲ್ಲಾ ಸಲ ತಪ್ಪಲ್ಲ. ಹೆಚ್ಚಿನ ಸೊಂಟ ನೋವು ಕೆಲವು ವಾರಗಳಲ್ಲಿ ತಾನೇ ತಗ್ಗುತ್ತದೆ. ಹೋಗಲೇಬೇಕಾದವರು ಮನೆಯಲ್ಲಿ ಉಳಿದರೆ ಮಾತ್ರ ಕಷ್ಟ.

ಮರುದಿನ ಆಶಾ ಅಕ್ಕ ಬಂದಳು. ಅತ್ತೆ, ಸೊಸೆ ಇಬ್ಬರನ್ನೂ ಸಬ್ ಸೆಂಟರಿಗೆ ಕರೆದುಕೊಂಡು ಹೋದಳು. ಅತ್ತೆ ಸೊಸೆಗೆ ಜೊತೆಯಾಗಿ ಹೋದರು, ಅಷ್ಟೇ. ಸಬ್ ಸೆಂಟರಿಗೆ 2023ರಿಂದ ಆಯುಷ್ಮಾನ್ ಆರೋಗ್ಯ ಮಂದಿರ ಅಂತ ಹೆಸರು. ಬೋರ್ಡನ್ನು ಸೊಸೆ ಕೂಡಿಸಿ ಕೂಡಿಸಿ ಓದಿದಳು.

ಅಲ್ಲಿ ಆರೋಗ್ಯ ಅಧಿಕಾರಿ ಇದ್ದರು. ಅವರೂ ಹೆಣ್ಣುಮಗಳು. ಸೊಸೆಯ ಬೆನ್ನು ಮುಟ್ಟಿ ನೋಡಿದರು. ಕಾಲು ಎತ್ತಿಸಿದರು. "ಹೆದರಬೇಡ. ಮೂಳೆ ಮುರಿದಿಲ್ಲ. ಈಗ ಎಕ್ಸ್‌ರೇ ಬೇಡ" ಅಂದರು.

"ಹಾಸಿಗೆ ಹಿಡಿದು ಮಲಗಲಾ ಮೇಡಂ?"

"ಬೇಡ. ಮಲಗೇ ಇದ್ದರೆ ಸೊಂಟ ಇನ್ನೂ ಬಿಗಿಯುತ್ತದೆ. ಮೆಲ್ಲಗೆ ಓಡಾಡು. ಬಿಸಿ ಶಾಖ ಕೊಟ್ಟುಕೋ. ಎರಡು ಮೂರು ದಿನ ಭಾರ ಎತ್ತಬೇಡ."

"ಒಂದು ಇಂಜೆಕ್ಷನ್ ಹಾಕಿಬಿಡಿ. ಬೇಗ ಹೋಗ್ತದೆ."

ಅಧಿಕಾರಿ ನಕ್ಕರು. ನಮಗೆಲ್ಲ ಇಂಜೆಕ್ಷನ್ ಅಂದರೆ ಬಲು ನಂಬಿಕೆ. ಆದರೆ ಈ ನೋವಿಗೆ ಇಂಜೆಕ್ಷನ್ ಬೇಕಾಗುವುದು ಕಡಿಮೆ. ಅಂಗಡಿಯಿಂದ ನೋವಿನ ಮಾತ್ರೆ ತಂದು ದಿನಾ ನುಂಗುವುದೂ ಅಪಾಯ. ಹೊಟ್ಟೆಯಲ್ಲಿ ಹುಣ್ಣಾಗಬಹುದು. ಮೂತ್ರಪಿಂಡ ಕೆಡಬಹುದು. ಬಸುರಿ ಹೆಂಗಸರಂತೂ ಕೇಳದೆ ನುಂಗಲೇಬಾರದು.

ಸೊಸೆಗೆ ಇನ್ನೊಂದು ಚಿಂತೆ. "ಎಷ್ಟು ಸಲ ಬರಬೇಕು? ಒಂದು ದಿನ ಬಂದರೆ ಒಂದು ದಿನದ ಕೂಲಿ ಹೋಗ್ತದೆ."

"ದಿನಾ ಬರಬೇಕಿಲ್ಲ. ಎರಡು ಮೂರು ವಾರದಲ್ಲಿ ತಗ್ಗದಿದ್ದರೆ ಬಾ. ಆರು ವಾರ ದಾಟಿದರೆ ಡಾಕ್ಟರು ನೋಡಲೇಬೇಕು. ಆದರೆ ಕೆಲವು ನೋವಿಗೆ ವಾರ ಎಣಿಸುತ್ತಾ ಕೂರಬಾರದು."

ಅವರು ಒಂದೊಂದಾಗಿ ಹೇಳಿದರು. ಕಾಲು ಸೋತು ಹೋಗುವುದು. ಉಚ್ಚೆ, ಕಕ್ಕಸು ಹಿಡಿತ ತಪ್ಪುವುದು. ಉಚ್ಚೆ ಹೋಗದೆ ಕಟ್ಟಿಕೊಳ್ಳುವುದು. ತೊಡೆ ಸಂದಿಯಲ್ಲಿ ಜೋಮು ಹಿಡಿಯುವುದು. ಇವು ಕಂಡರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಹೋಗಬೇಕು. 108ಕ್ಕೆ ಫೋನು ಮಾಡಬೇಕು. ಬಿದ್ದ ಮೇಲೆ ಬಂದ ನೋವನ್ನೂ ತಡಮಾಡದೆ ತೋರಿಸಬೇಕು. ಸೊಂಟ ನೋವಿನ ಜೊತೆ ಚಳಿಜ್ವರ, ಉರಿಮೂತ್ರ ಇದ್ದರೂ ಅಷ್ಟೇ. ಬಸುರಿಗೆ ನೋವು ಬಿಟ್ಟು ಬಿಟ್ಟು ಬಂದರೆ, ರಕ್ತ ಕಂಡರೆ, ಒಂದು ಗಳಿಗೆಯೂ ಕಾಯಬಾರದು.

"ಇನ್ನೊಂದು ಇದೆ. ರಾತ್ರಿ ಮಲಗಿದರೂ ನೋವು ಬಿಡುವುದಿಲ್ಲ. ಸಂಜೆ ಸಂಜೆ ಮೈ ಬಿಸಿ. ಊಟ ಸೇರುವುದಿಲ್ಲ. ಮೈ ಇಳಿಯುತ್ತದೆ."

ಸೊಸೆ ತಟ್ಟನೆ ಅತ್ತೆಯ ಮುಖ ನೋಡಿದಳು.

"ಮೇಡಂ, ಇವರಿಗೆ ಹಂಗೇ ಆಗ್ತದೆ. ರಾತ್ರಿ ಎದ್ದು ಕೂರ್ತಾರೆ. ಕುಪ್ಪಸ ಎಲ್ಲಾ ಸಡಿಲ ಆಗೈತೆ. ನಾನೇ ಎರಡು ಸಲ ಹೊಲಿಗೆ ಹಾಕಿ ಕೊಟ್ಟೆ."

ಅತ್ತೆ ತಲೆ ತಗ್ಗಿಸಿದರು. "ವಯಸ್ಸಾಯ್ತು. ಅದಕ್ಕೆ ಅಂದ್ಕೊಂಡೆ."

ಅತ್ತೆಯನ್ನು ತಾಲ್ಲೂಕು ಆಸ್ಪತ್ರೆಗೆ ಕಳಿಸಿದರು. ಅಲ್ಲಿಂದ ಜಿಲ್ಲಾ ಆಸ್ಪತ್ರೆಗೆ. ಎಕ್ಸ್‌ರೇ, ಸ್ಕ್ಯಾನ್, ರಕ್ತ ಪರೀಕ್ಷೆ ಎಲ್ಲಾ ಆಯಿತು. ಬೆನ್ನುಮೂಳೆಗೆ ಕ್ಷಯ ಹತ್ತಿತ್ತು. ಟಿ.ಬಿ. ಅಂತಾರಲ್ಲ, ಅದೇ. ಟಿ.ಬಿ. ಬರೀ ಎದೆಗೆ ಬರುತ್ತದೆ ಅಂತ ನಾವು ತಿಳಿದಿದ್ದೇವೆ. ಹಾಗಲ್ಲ, ಮೂಳೆಗೂ ಬರುತ್ತದೆ. ಹಾಗೇ ಬಿಟ್ಟರೆ ಮೂಳೆ ಸವೆಯುತ್ತದೆ, ಬೆನ್ನು ಗೂನಾಗುತ್ತದೆ. ಕಾಲು ಬಿದ್ದುಹೋಗಲೂಬಹುದು.

ಅತ್ತೆಯ ಕಾಲಲ್ಲಿ ಬಲ ಇತ್ತು. ಮಾತ್ರೆಯಲ್ಲೇ ವಾಸಿ ಮಾಡಬಹುದು ಅಂದರು ಡಾಕ್ಟರು. ಮಾತ್ರೆಗೆ ಸರ್ಕಾರ ದುಡ್ಡು ಕೇಳುವುದಿಲ್ಲ. ಒಳ್ಳೆ ಊಟಕ್ಕೆ ಅಂತ ತಿಂಗಳಿಗೆ ಹಣವನ್ನೂ ಕೊಡುತ್ತದೆ. 2018ರಲ್ಲಿ 500 ರೂಪಾಯಿ ಇತ್ತು. 2024ರ ನವೆಂಬರಿನಿಂದ 1000 ರೂಪಾಯಿ ಆಯಿತು. ಅದು ರೋಗಿಯ ಬ್ಯಾಂಕ್ ಖಾತೆಗೆ ಬರುತ್ತದೆ. ಪಾಸ್‌ಬುಕ್ ಇಟ್ಟುಕೊಂಡಿರಬೇಕು.

ಆದರೆ ಮೂಳೆಯ ಟಿ.ಬಿ.ಗೆ ಮಾತ್ರೆ ಬಹಳ ದಿನ ನುಂಗಬೇಕು. ಒಂದು ವರ್ಷ. ಕೆಲವರಿಗೆ ಇನ್ನೂ ಹೆಚ್ಚು. ನೋವು ಹೋಯಿತು ಅಂತ ನಡುವೆ ಬಿಟ್ಟರೆ ರೋಗ ಗಟ್ಟಿಯಾಗಿ ತಿರುಗಿ ಬರುತ್ತದೆ.

ಸೊಸೆಯ ಸೊಂಟ ನೋವು ಮೂರನೇ ವಾರಕ್ಕೆ ಕಡಿಮೆಯಾಯಿತು. ಈಗ ಅವಳು ದೊಡ್ಡ ಕೊಡ ಹೊರುವುದಿಲ್ಲ. 15 ಲೀಟರ್ ನೀರು ಅಂದರೆ 15 ಕಿಲೋ ಭಾರ. ಕೊಡದ ತೂಕ ಬೇರೆ. ಅದಕ್ಕೇ ಎರಡು ಸಣ್ಣ ಬಿಂದಿಗೆ ಮಾಡಿಕೊಂಡಿದ್ದಾಳೆ. ಎತ್ತುವಾಗ ಸೊಂಟ ಬಗ್ಗಿಸುವುದಿಲ್ಲ, ಮಂಡಿ ಮಡಚುತ್ತಾಳೆ. ಬಿಂದಿಗೆಯನ್ನು ಮೈಗೆ ಒತ್ತಿ ಹಿಡಿಯುತ್ತಾಳೆ. ಒಂದು ದಿನ ಗಂಡನೂ ಒಂದು ಬಿಂದಿಗೆ ತಂದ. ಓಣಿಯವರೆಲ್ಲ ನೋಡಿದರು!

ಅಡುಗೆ ಮನೆ ಗೋಡೆಗೆ ಸೊಸೆ ಒಂದು ಕ್ಯಾಲೆಂಡರ್ ತೂಗು ಹಾಕಿದ್ದಾಳೆ. ಅತ್ತೆ ಮಾತ್ರೆ ನುಂಗಿದ ದಿನ ಅದರ ಮೇಲೆ ಗೆರೆ ಎಳೆಯುತ್ತಾಳೆ. ಅತ್ತೆ ಇನ್ನೂ ಕಲಿಕಾ ಕೇಂದ್ರಕ್ಕೆ ಬರುವುದಿಲ್ಲ. ಆದರೆ ನೆನ್ನೆ ಸೊಸೆ ಗದ್ದೆಯಿಂದ ಬರುವುದು ತಡವಾಯಿತು. ಬಂದು ನೋಡುತ್ತಾಳೆ, ಗೆರೆ ಆಗಲೇ ಬಿದ್ದಿದೆ. ಸ್ವಲ್ಪ ಸೊಟ್ಟ.

"ಇವತ್ತಿನ ತಾರೀಕು ಇದೇ ತಾನೇ?" ಅಂತ ಕೇಳಿದರು ಅತ್ತೆ.