ತಾಲೀಮು

ಕಲಬುರಗಿಯ ಬೇಸಿಗೆ ನಾಡಿಗೆಲ್ಲ ಹೆಸರಾದುದು. ಉಷ್ಣಮಾನವು 40 ಡಿಗ್ರಿಯನ್ನು ದಾಟುವುದು ಅಲ್ಲಿ ಪ್ರತಿವರ್ಷದ ಮಾತು. ಆದುದರಿಂದ ಆ ನಗರದಲ್ಲಿ ಮೈಯನ್ನು ದಂಡಿಸುವವರ ದಿನ ಸೂರ್ಯೋದಯಕ್ಕೆ ಮೊದಲೇ ಆರಂಭವಾಗುತ್ತದೆ. ಊರು ಇನ್ನೂ ನಿದ್ರಿಸುತ್ತಿರುವಾಗ ಕೆಲವು ತರುಣರು ಮೈದಾನವನ್ನು ಸುತ್ತುತ್ತಿರುತ್ತಾರೆ. ಕೆಲವರು ದಂಡ ಬಸ್ಕಿಗಳನ್ನು ಎಣಿಸುತ್ತಿರುತ್ತಾರೆ. ಮತ್ತೆ ಕೆಲವರು ಕಬ್ಬಿಣದ ಭಾರದ ಮುಂದೆ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಅಲ್ಲಿ ಪ್ರೇಕ್ಷಕರಿಲ್ಲ, ಚಪ್ಪಾಳೆಯಿಲ್ಲ. ಸ್ಪರ್ಧೆಯ ದಿನ ಜನರು ಕಾಣುವುದು ಕೆಲವು ಕ್ಷಣಗಳ ಸಾಹಸವನ್ನು. ಆ ಕ್ಷಣಗಳನ್ನು ಹೊತ್ತು ನಿಂತಿರುವ ಸಾವಿರಾರು ಬೆಳಗುಗಳನ್ನು ಕಂಡವರು ವಿರಳ.

ಕುಸ್ತಿ ಕಲಿಯುವ ಮನೆಯನ್ನು ದಕ್ಷಿಣದ ಜಿಲ್ಲೆಗಳಲ್ಲಿ ಗರಡಿಯೆಂದು ಕರೆದರೆ, ಕಲಬುರಗಿಯ ಸೀಮೆಯಲ್ಲಿ ತಾಲೀಮು ಎನ್ನುತ್ತಾರೆ. ಅರಬ್ಬಿಯಿಂದ ಉರ್ದುವಿನ ಮೂಲಕ ಕನ್ನಡಕ್ಕೆ ಬಂದು ಮನೆಯ ಮಾತಾಗಿಬಿಟ್ಟ ಈ ಶಬ್ದದ ಮೂಲಾರ್ಥ ಶಿಕ್ಷಣ ಎಂದು. ಪಾಠಶಾಲೆಯಲ್ಲಿ ನಡೆಯುವುದೂ ತಾಲೀಮು, ಕುಸ್ತಿಯ ಕಣದಲ್ಲಿ ನಡೆಯುವುದೂ ತಾಲೀಮು. ದೇಹಕ್ಕೂ ವಿದ್ಯೆಯುಂಟು, ಅದನ್ನೂ ಗುರುವಿನ ಎದುರು ವಿನಯದಿಂದ ಕಲಿಯಬೇಕು ಎಂಬ ತಿಳಿವಳಿಕೆ ಈ ಒಂದು ಶಬ್ದದಲ್ಲಿಯೇ ಅಡಗಿದೆ. ಅಲ್ಲಿಯ ಗುರುವನ್ನು ವಸ್ತಾದ ಎಂದು ಗೌರವಿಸುತ್ತಾರೆ. ಕೆಮ್ಮಣ್ಣಿನ ಕಣಕ್ಕೆ ಕೈಮುಟ್ಟಿ ನಮಸ್ಕರಿಸಿಯೇ ಒಳಗೆ ಕಾಲಿಡಬೇಕು. ಮೊದಲು ಬಂದವನು ಮಣ್ಣನ್ನು ಹದಗೊಳಿಸಬೇಕು. ಹಿರಿಯ ಪೈಲವಾನನೆಂಬ ಕಾರಣಕ್ಕೆ ಆ ಕೆಲಸದಿಂದ ಯಾರಿಗೂ ಬಿಡುಗಡೆಯಿಲ್ಲ.

ಈ ವಿದ್ಯೆ ಆ ನೆಲಕ್ಕೆ ಹೊಸದಲ್ಲ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕಮಲಾಪುರ ಸಿಕ್ಕುತ್ತದೆ. ಅದೇ ದಾರಿಯಲ್ಲಿ ಮುಂದುವರಿದರೆ ಚಾಲುಕ್ಯರ ರಾಜಧಾನಿಯಾಗಿದ್ದ ಕಲ್ಯಾಣವನ್ನು, ಇಂದಿನ ಬಸವಕಲ್ಯಾಣವನ್ನು ತಲುಪಬಹುದು. ಹನ್ನೆರಡನೆಯ ಶತಮಾನದಲ್ಲಿ ಅಲ್ಲಿ ಆಳಿದ ಮೂರನೆಯ ಸೋಮೇಶ್ವರನು ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ರಾಜ್ಯಭಾರದಿಂದ ಹಿಡಿದು ಅಡುಗೆಯವರೆಗೆ ನೂರು ವಿಷಯಗಳನ್ನು ತಿಳಿಸುವ ಮಹಾಗ್ರಂಥ. ಅದರಲ್ಲಿ ಮಲ್ಲವಿನೋದವೆಂಬ ಒಂದು ಭಾಗವಿದೆ. ಮಲ್ಲರನ್ನು ವಯಸ್ಸು, ಗಾತ್ರ, ಬಲಗಳನ್ನು ನೋಡಿ ಹೇಗೆ ವಿಂಗಡಿಸಬೇಕು, ಅವರಿಗೆ ಯಾವ ವ್ಯಾಯಾಮ ತಕ್ಕುದು, ಯಾವ ಆಹಾರವನ್ನು ಒದಗಿಸಬೇಕು ಎಂಬುದನ್ನು ಅಲ್ಲಿ ವಿವರಿಸಲಾಗಿದೆ. ಭಾರವನ್ನು ಎತ್ತುವುದು, ದೂರ ನಡೆಯುವುದು, ನೀರಿನಲ್ಲಿ ಈಜುವುದು, ಕಂಬವನ್ನು ಆಶ್ರಯಿಸಿ ಸಾಧನೆ ಮಾಡುವುದು ಇವೆಲ್ಲವೂ ಮಲ್ಲನ ದಿನಚರಿಯಲ್ಲಿ ಸೇರಿದ್ದುವು.

ಈಗ ಜಗತ್ತಿನ ಹಲವು ದೇಶಗಳಲ್ಲಿ ಸರ್ವಾಂಗ ಸಾಮರ್ಥ್ಯದ ಸ್ಪರ್ಧೆಗಳು ನಡೆಯುತ್ತಿವೆ. 2007ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮೊದಲುಗೊಂಡ ಕ್ರಾಸ್‌ಫಿಟ್ ಗೇಮ್ಸ್ ಇವುಗಳಲ್ಲಿ ಪ್ರಸಿದ್ಧವಾದುದು. ಅಲ್ಲಿ ಒಬ್ಬನೇ ಸ್ಪರ್ಧಿ ಓಡಬೇಕು, ಈಜಬೇಕು, ಭಾರ ಎತ್ತಬೇಕು, ಹಗ್ಗ ಹಿಡಿದು ಏರಬೇಕು. ಒಂದೇ ಶಕ್ತಿಯಲ್ಲಿ ಮೇಲಾದವನು ಅಲ್ಲಿ ಗೆಲ್ಲಲಾರ. ಬಲ, ವೇಗ, ದಮ್ಮು, ಸಮತೋಲನ ಎಲ್ಲವೂ ಅವನಲ್ಲಿ ಕೂಡಿರಬೇಕು. ಕಲ್ಯಾಣದ ಮಲ್ಲನನ್ನು ಇಂದಿನ ಆ ಸ್ಪರ್ಧಿಯ ಮುಂದೆ ನಿಲ್ಲಿಸಿದರೆ ಅವರಿಬ್ಬರ ದಿನಚರಿಗಳು ಒಂದಕ್ಕೊಂದು ಅಪರಿಚಿತವಾಗಿ ಕಾಣಲಾರವು.

ಅರಸರ ಆಶ್ರಯ ಹೋದ ಮೇಲೆಯೂ ಹಳ್ಳಿಗಳು ಈ ವಿದ್ಯೆಯನ್ನು ಕೈಬಿಡಲಿಲ್ಲ. ಉತ್ತರ ಕರ್ನಾಟಕದ ಊರೂರುಗಳಲ್ಲಿ ಹಬ್ಬ ಜಾತ್ರೆಗಳು ಬಂದಾಗ ಕುಸ್ತಿಯ ಕಣಗಳು ಸಿದ್ಧವಾಗುತ್ತವೆ. ಸಂಗ್ರಾಣಿ ಕಲ್ಲು ಎತ್ತುವ ಪಂದ್ಯಗಳು ನಡೆಯುತ್ತವೆ. ತುಂಬಿದ ಚೀಲವನ್ನು ಹೆಗಲಿಗೇರಿಸಿ ನಡೆಯುವ ಪಣಗಳು ಏರ್ಪಡುತ್ತವೆ. ಬಲವೇ ಎಲ್ಲ ಎಂದು ನೆಚ್ಚಿ ಸಂಗ್ರಾಣಿ ಕಲ್ಲಿಗೆ ಕೈಹಚ್ಚಿದವನು ಬೇಗನೆ ಸೋಲುತ್ತಾನೆ. ಅದರ ತೂಕ ಎಲ್ಲಿ ಕುಳಿತಿದೆ, ಬೆನ್ನನ್ನು ನೆಟ್ಟಗಿಟ್ಟು ತೊಡೆಯ ಬಲದಿಂದ ಅದನ್ನು ಹೇಗೆ ಮೇಲಕ್ಕೆ ತರಬೇಕು, ಯಾವ ಕ್ಷಣದಲ್ಲಿ ಉಸಿರನ್ನು ಬಿಡಬೇಕು ಎಂಬುದನ್ನು ಅರಿತವನಿಗೆ ಮಾತ್ರ ಕಲ್ಲು ಒಲಿಯುತ್ತದೆ.

ದೇಹವು ಬಲಗೊಳ್ಳುವ ಬಗೆಯನ್ನು ಇಂದಿನ ವಿಜ್ಞಾನ ಸ್ಪಷ್ಟವಾಗಿ ವಿವರಿಸಿದೆ. ತನಗೆ ರೂಢಿಯಾದುದಕ್ಕಿಂತ ತುಸು ಹೆಚ್ಚಿನ ಭಾರವನ್ನು ಹೊತ್ತಾಗ ಸ್ನಾಯುವಿನ ಸೂಕ್ಷ್ಮ ತಂತುಗಳು ಬಳಲುತ್ತವೆ. ವಿಶ್ರಾಂತಿಯ ಹೊತ್ತಿನಲ್ಲಿ ದೇಹವು ಅವುಗಳನ್ನು ದುರಸ್ತಿಗೊಳಿಸುತ್ತ ಮೊದಲಿಗಿಂತ ಗಟ್ಟಿಯಾಗಿ ಕಟ್ಟುತ್ತದೆ. ಮರುವಾರ ಭಾರವನ್ನು ಮತ್ತೆ ತುಸು ಏರಿಸಬಹುದು. ಪ್ರಾಚೀನ ಗ್ರೀಸಿನ ಮಲ್ಲ ಮೈಲೋ ಪ್ರತಿದಿನವೂ ಒಂದು ಎಳೆಗರುವನ್ನು ಹೊತ್ತು ನಡೆಯುತ್ತಿದ್ದನೆಂದೂ, ಕರುವು ಬೆಳೆದು ಎತ್ತಾದಂತೆ ಅವನ ಬಲವೂ ಬೆಳೆಯಿತೆಂದೂ ಒಂದು ಕಥೆಯಿದೆ. ಕಥೆಯಲ್ಲಿ ಉತ್ಪ್ರೇಕ್ಷೆ ಇದ್ದರೂ ತತ್ತ್ವ ಸತ್ಯವಾದುದು: ಭಾರವು ದಿನದಿನಕ್ಕೆ, ತಿಳಿಯದಷ್ಟು ಸ್ವಲ್ಪವಾಗಿ ಏರಬೇಕು. ಕಟ್ಟುವ ಕೆಲಸ ನಡೆಯುವುದು ವಿಶ್ರಾಂತಿಯಲ್ಲಿ ಆದುದರಿಂದ ನಿದ್ರೆಯೂ ಸಾಧನೆಯ ಒಂದು ಅಂಗವೇ ಆಗಿದೆ. ರಾತ್ರಿ ಬಹುಕಾಲ ಎಚ್ಚರವಿದ್ದು ಬೆಳಗಿನಲ್ಲಿ ಭಾರ ಎತ್ತುವವನು ಒಂದು ಕೈಯಿಂದ ಗೋಡೆ ಕಟ್ಟುತ್ತ ಇನ್ನೊಂದು ಕೈಯಿಂದ ಇಟ್ಟಿಗೆ ಕೀಳುತ್ತಾನೆ.

ಕಟ್ಟಲು ಸಾಮಗ್ರಿಯೂ ಬೇಕು. ಅದಕ್ಕಾಗಿ ಕಲಬುರಗಿಯ ತರುಣನು ದೂರ ಹೋಗಬೇಕಾದುದಿಲ್ಲ. ತೊಗರಿಯ ಕಣಜವೆಂದು ಹೆಸರಾದ ಜಿಲ್ಲೆ ಅದು. ಬಿಳಿಜೋಳದ ರೊಟ್ಟಿ, ತೊಗರಿಬೇಳೆ, ಶೇಂಗಾ, ಹಾಲು ಮೊಸರು, ಕಾಳುಪಲ್ಯ ಇವು ಬಡವನ ಮನೆಯಲ್ಲಿಯೂ ಸಿದ್ಧಿಸಬಹುದಾದ ಆಹಾರ. ಇವುಗಳೊಡನೆ ಕಮಲಾಪುರದ ಕೆಂಬಾಳೆಯೂ ಇದೆ.

ಈ ಕೆಂಬಾಳೆಯ ಕಥೆಯನ್ನು ಸಾಧಕನಾದವನು ಮನಸ್ಸಿನಲ್ಲಿಡಬೇಕು. ಕಮಲಾಪುರ ಮತ್ತು ಅದರ ನೆರೆಯ ಹಳ್ಳಿಗಳ ಇಳಿಜಾರಿನ ಕೆಂಪು ಮಣ್ಣಿನಲ್ಲಿ ಬೆಳೆಯುವ ಈ ಹಣ್ಣು ತನ್ನ ಬಣ್ಣ, ರುಚಿಗಳಿಂದ ಭೌಗೋಳಿಕ ಸೂಚಕದ ಮಾನ್ಯತೆಯನ್ನು ಪಡೆದಿದೆ. ಇತರ ಬಾಳೆಗಳು ಸುಮಾರು ಒಂದು ವರ್ಷದಲ್ಲಿ ಗೊನೆ ಕೊಟ್ಟರೆ ಇದು ಸುಮಾರು 18 ತಿಂಗಳು ತೆಗೆದುಕೊಳ್ಳುತ್ತದೆ. ಅಷ್ಟು ದಿನವೂ ಗೊಬ್ಬರ, ನೀರು, ನೆರಳುಗಳನ್ನು ತಪ್ಪದೆ ಒದಗಿಸಬೇಕು. ಅವಸರಪಟ್ಟರೆ ಗಿಡವು ಕೇಳುವುದಿಲ್ಲ.

ಆ ಕಡೆಯ ಹಳ್ಳಿಯಿಂದ ಕಲಬುರಗಿಗೆ ಓದಲು ಬಂದ ಹುಡುಗನೊಬ್ಬನನ್ನು ಕಲ್ಪಿಸಿಕೊಳ್ಳಬಹುದು. ತಾಲೀಮಿಗೆ ಸೇರಿ ಎರಡು ವಾರವಾಗಿದೆ. ಕನ್ನಡಿಯಲ್ಲಿ ನೋಡಿಕೊಂಡರೆ ಏನೂ ಬದಲಾದಂತೆ ತೋರುವುದಿಲ್ಲ. ಅವನು ಹಿಂಜರಿಯುತ್ತ ಗುರುವಿನ ಬಳಿ ಹೋಗುತ್ತಾನೆ.

“ವಸ್ತಾದ್ರೆ, ಮೂರು ತಿಂಗಳಿನ್ಯಾಗ ಮೈ ಬರ್ಲಾಕ ಏನರ ಔಷಧ ಅದಾವೇನ್ರಿ?”

“ತಮ್ಮಾ, ನಿಮ್ಮ ಹೊಲದಾಗ ಕೆಂಪು ಬಾಳಿ ಹಚ್ಚೀರಿ. ಗೊನಿ ಬರ್ಲಾಕ ಎಷ್ಟು ದಿನ ಹಿಡೀತದ?”

“ಒಂದೂವರಿ ವರ್ಷ ಹಿಡೀತದ್ರಿ.”

“ಗಿಡಕ್ಕ ಒಂದೂವರಿ ವರ್ಷ ಕಾಯಾಂವ, ನಿನ್ನ ಮೈಗಿ ಯಾಕ ಕಾಯವಲ್ಲಿ?”

ಹುಡುಗನಲ್ಲಿ ಉತ್ತರವಿರುವುದಿಲ್ಲ. ಆದರೆ ಈ ಪ್ರಶ್ನೆಯನ್ನು ಕೇಳುವ ಗುರು ಎಲ್ಲರಿಗೂ ದೊರೆಯುವುದಿಲ್ಲ. ಬೇಗನೆ ಮೈ ಬೆಳೆಸುವ ಆಸೆಗೆ ಸ್ಟೀರಾಯ್ಡ್ ಮುಂತಾದ ಮದ್ದುಗಳಿಗೆ ಬಲಿಯಾಗುವ ತರುಣರಿದ್ದಾರೆ. ಅವುಗಳಿಂದ ಸ್ನಾಯುಗಳು ಉಬ್ಬಬಹುದು; ಅದರೊಡನೆ ಹೃದಯ, ಯಕೃತ್ತುಗಳಿಗೆ ಕೇಡು ತಟ್ಟುತ್ತದೆ. ಬೆಳೆಯುವ ವಯಸ್ಸಿನವರಲ್ಲಿ ಎಲುಬಿನ ಬೆಳವಣಿಗೆಯೇ ಅಕಾಲದಲ್ಲಿ ನಿಂತುಹೋಗಬಹುದು. ಕ್ರೀಡಾಜಗತ್ತು ಇಂಥ ಮದ್ದುಗಳನ್ನು ನಿಷೇಧಿಸಿದೆ; ಇವುಗಳನ್ನು ತಡೆಯಲೆಂದೇ 1999ರಲ್ಲಿ ಒಂದು ವಿಶ್ವಸಂಸ್ಥೆಯನ್ನು ಕಟ್ಟಲಾಯಿತು. ಕದ್ದು ಪಡೆದ ಬಲದಿಂದ ಗೆದ್ದವನ ಪದಕವನ್ನು ಹಿಂದಕ್ಕೆ ಪಡೆಯಬಹುದು; ಕೆಟ್ಟ ದೇಹಾರೋಗ್ಯವನ್ನು ಹಿಂದಕ್ಕೆ ಕೊಡುವವರಾರು?

ದೇಹವನ್ನು ಪಳಗಿಸುವುದಕ್ಕಿಂತ ಮನಸ್ಸನ್ನು ಪಳಗಿಸುವುದು ಕಠಿಣ. ಇದಕ್ಕೆ ಕನ್ನಡನಾಡಿನದೇ ಒಂದು ಉಜ್ವಲ ನಿದರ್ಶನವಿದೆ. ಕುಂದಾಪುರದ ಸೀಮೆಯ ಗುರುರಾಜ ಪೂಜಾರಿಯವರು ವಾಹನ ಚಾಲಕರೊಬ್ಬರ ಮಗ. ಮೊದಲು ಕುಸ್ತಿಯ ಕಡೆಗೆ ಮನಸ್ಸಿದ್ದ ಅವರು ಉಜಿರೆಯ ಕಾಲೇಜಿನಲ್ಲಿ ಓದುವಾಗ ಭಾರ ಎತ್ತುವ ಕ್ರೀಡೆಗೆ ತಿರುಗಿದರು; ಮುಂದೆ ವಾಯುಪಡೆಯನ್ನು ಸೇರಿದರು. 2018ರ ಏಪ್ರಿಲ್ ತಿಂಗಳಲ್ಲಿ ಆಸ್ಟ್ರೇಲಿಯದ ಗೋಲ್ಡ್ ಕೋಸ್ಟಿನಲ್ಲಿ ನಡೆದ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋಗ್ರಾಂ ವಿಭಾಗದಲ್ಲಿ ಅವರು ಸ್ಪರ್ಧಿಸಿದರು.

ಈ ಕ್ರೀಡೆಯಲ್ಲಿ ಎರಡು ಬಗೆಗಳಿವೆ. ಭಾರವನ್ನು ನೆಲದಿಂದ ಒಂದೇ ಸೆಳೆತಕ್ಕೆ ತಲೆಯ ಮೇಲೆ ಎತ್ತುವುದು ಸ್ನ್ಯಾಚ್. ಮೊದಲು ಹೆಗಲಿಗೆ ತಂದು ಅನಂತರ ಮೇಲಕ್ಕೆತ್ತುವುದು ಕ್ಲೀನ್ ಅಂಡ್ ಜರ್ಕ್. ಒಂದೊಂದರಲ್ಲಿಯೂ ಮೂರೇ ಅವಕಾಶಗಳು. ಮೊದಲ ಬಗೆಯಲ್ಲಿ ಗುರುರಾಜರು 111 ಕಿಲೋ ಎತ್ತಿದರು. ಎರಡನೆಯದರಲ್ಲಿ 138 ಕಿಲೋ ಭಾರಕ್ಕೆ ಕೈಯಿಕ್ಕಿದರು, ಯತ್ನ ವಿಫಲವಾಯಿತು. ಮತ್ತೆ ಪ್ರಯತ್ನಿಸಿದರು, ಮತ್ತೆ ವಿಫಲವಾಯಿತು. ಉಳಿದುದು ಒಂದೇ ಅವಕಾಶ. ಅದೂ ತಪ್ಪಿದರೆ ಆ ಬಗೆಯಲ್ಲಿ ಅವರ ಹೆಸರಿನ ಮುಂದೆ ಯಾವ ಅಂಕಿಯೂ ಇರದು. ಹಿಂದೆ ಎತ್ತಿದ 111 ಕಿಲೋ ಸಹ ವ್ಯರ್ಥವಾಗುವುದು. ಎರಡು ಬಾರಿ ತನ್ನನ್ನು ಸೋಲಿಸಿದ ಅದೇ ಕಬ್ಬಿಣ, ಅದೇ ತೂಕ. ದಣಿದ ತೋಳುಗಳು. ಅವರು ಮೂರನೆಯ ಬಾರಿ ಬಾಗಿ ಹಿಡಿದರು. 138 ಕಿಲೋ ಭಾರ ತಲೆಯ ಮೇಲೆ ಸ್ಥಿರವಾಗಿ ನಿಂತಿತು. ಒಟ್ಟು 249 ಕಿಲೋ, ಬೆಳ್ಳಿಯ ಪದಕ. ಆ ಕೂಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕವದು. ಮೂರನೆಯವನಾದ ಶ್ರೀಲಂಕೆಯ ಸ್ಪರ್ಧಿ ಎತ್ತಿದ್ದು 248 ಕಿಲೋ. ಬೆಳ್ಳಿಗೂ ಕಂಚಿಗೂ ನಡುವೆ ಇದ್ದ ಅಂತರ ಒಂದೇ ಕಿಲೋ.

ನಾಲ್ಕು ವರ್ಷಗಳ ಅನಂತರ, 2022ರಲ್ಲಿ, ಬರ್ಮಿಂಗ್‌ಹ್ಯಾಮಿನಲ್ಲಿ ಅವರು 61 ಕಿಲೋಗ್ರಾಂ ವಿಭಾಗದಲ್ಲಿ ಒಟ್ಟು 269 ಕಿಲೋ ಎತ್ತಿ ಕಂಚನ್ನು ಗೆದ್ದರು. ನಾಲ್ಕನೆಯ ಸ್ಥಾನಕ್ಕೆ ನಿಂತ ಕೆನಡದ ಸ್ಪರ್ಧಿಯದು 268 ಕಿಲೋ. ಮತ್ತೊಮ್ಮೆ ಒಂದೇ ಕಿಲೋ! ಆ ಒಂದು ಕಿಲೋವನ್ನು ಸ್ಪರ್ಧೆಯ ದಿನ ಯಾರೂ ಹೊಸದಾಗಿ ಗಳಿಸಲಾರರು. ಯಾರೂ ನೋಡದ ಯಾವುದೋ ಬೆಳಗಿನಲ್ಲಿ, ಇಂದು ಸಾಕು ಎಂದು ಮನಸ್ಸು ಹೇಳಿದಾಗ ಅದನ್ನು ಕೇಳದೆ ಮಾಡಿದ ಸಾಧನೆಯಲ್ಲಿ ಅದು ಹುಟ್ಟಿರುತ್ತದೆ.

ಸೋತ ಭಾರದ ಎದುರು ಮತ್ತೆ ನಿಲ್ಲುವ ಈ ಧೈರ್ಯವು ಎಲ್ಲರಿಗೂ ಸಮಾನವಾದುದು. ಹಿಂದೆ ತಾಲೀಮಿನ ಬಾಗಿಲು ಹೆಣ್ಣುಮಕ್ಕಳಿಗೆ ತೆರೆದಿರಲಿಲ್ಲ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಆಂಧ್ರದ ಕರ್ಣಂ ಮಲ್ಲೇಶ್ವರಿಯವರು 240 ಕಿಲೋ ಎತ್ತಿ ಕಂಚನ್ನು ಪಡೆದು, ಒಲಿಂಪಿಕ್ ಪದಕವನ್ನು ಗಳಿಸಿದ ಮೊದಲ ಭಾರತೀಯ ಮಹಿಳೆಯಾದರು. ಅಂದು ಕೊನೆಯ ಯತ್ನದಲ್ಲಿ ಅವರು ಚಿನ್ನವನ್ನು ಬಯಸಿ 137.5 ಕಿಲೋ ಭಾರಕ್ಕೆ ಕೈಹಾಕಿದ್ದರು, ಅದು ಕೈತಪ್ಪಿತು. ಆದರೂ ದೇಶದ ಸಾವಿರಾರು ಹುಡುಗಿಯರಿಗೆ ಅಂದು ಒಂದು ಬಾಗಿಲು ತೆರೆಯಿತು. ಹೀಗೆ ಸೋತ ಯತ್ನವೂ ಕೆಲವೊಮ್ಮೆ ಫಲ ಕೊಡುವುದುಂಟು.

ಕಲಬುರಗಿಯ ಬೆಳಗುಗಳಲ್ಲಿ ಬೆವರು ಹರಿಸುವ ಎಲ್ಲರಿಗೂ ಪದಕ ದೊರೆಯಲಾರದು. ಬಹುಮಂದಿ ಯಾವ ವೇದಿಕೆಯನ್ನೂ ಏರದೆ ಹೊಲಕ್ಕೋ ಅಂಗಡಿಗೋ ಕಚೇರಿಗೋ ಹೋಗಿ ಸೇರುತ್ತಾರೆ. ಅವರ ಶ್ರಮ ವ್ಯರ್ಥವಾಯಿತೆ? ನಸುಕಿನಲ್ಲಿ ಏಳುವ ರೂಢಿ, ಗುರುವಿನ ಮಾತಿಗೆ ಕಿವಿಗೊಡುವ ವಿನಯ, ಗೆದ್ದಾಗ ಎದುರಾಳಿಯನ್ನು ಕೈಹಿಡಿದೆಬ್ಬಿಸುವ ಸೌಜನ್ಯ, ಸೋತಾಗ ಮರುದಿನ ಮತ್ತೆ ಬರುವ ಛಲ ಇವು ಅವರೊಡನೆ ಉಳಿಯುತ್ತವೆ. ಮಳೆ ಕೈಕೊಟ್ಟ ವರ್ಷ ಹೊಲದ ಎದುರು ನಿಲ್ಲುವಾಗ, ಮನೆಯ ಕಷ್ಟವು ಹೆಗಲ ಮೇಲೆ ಬಿದ್ದಾಗ, ಹಿಂದೊಮ್ಮೆ ಕಬ್ಬಿಣದ ಭಾರವನ್ನು ಎತ್ತಿದ ಮನಸ್ಸು ಆ ಭಾರಕ್ಕೂ ಬಾಗಿ ಕೈಯಿಕ್ಕುತ್ತದೆ. ಶಿಕ್ಷಣವೆಂಬ ಅರ್ಥದ ಶಬ್ದವನ್ನು ಆ ಮಣ್ಣಿನ ಕಣಕ್ಕೆ ಹಿರಿಯರು ಇಟ್ಟುದು ಸಾರ್ಥಕವಾಗುವುದು ಅಂದು.

ಅಭ್ಯಾಸ

ಅ. ಒಂದೊಂದು ವಾಕ್ಯದಲ್ಲಿ ಉತ್ತರಿಸಿರಿ.
1. ತಾಲೀಮು ಎಂಬ ಶಬ್ದದ ಮೂಲಾರ್ಥವೇನು?
2. ‘ಮಾನಸೋಲ್ಲಾಸ’ವನ್ನು ರಚಿಸಿದ ಅರಸನಾರು?
3. ಕಮಲಾಪುರದ ಕೆಂಬಾಳೆಯು ಗೊನೆ ಕೊಡಲು ಎಷ್ಟು ಕಾಲ ಬೇಕು?

ಆ. ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ.
1. ದೇಹವು ಬಲಗೊಳ್ಳುವುದರಲ್ಲಿ ವಿಶ್ರಾಂತಿಯ ಪಾತ್ರವೇನು?
2. ಗೋಲ್ಡ್ ಕೋಸ್ಟಿನಲ್ಲಿ ಗುರುರಾಜ ಪೂಜಾರಿಯವರ ಮೂರನೆಯ ಯತ್ನಕ್ಕೆ ಏಕೆ ಅಷ್ಟೊಂದು ಮಹತ್ತ್ವವಿತ್ತು?
3. ಪದಕ ದೊರೆಯದವರ ಶ್ರಮವೂ ಸಾರ್ಥಕವೆಂದು ಲೇಖಕರು ಹೇಗೆ ಸಮರ್ಥಿಸಿದ್ದಾರೆ?

ಇ. ಸಂದರ್ಭವನ್ನು ಸೂಚಿಸಿ ಸ್ವಾರಸ್ಯವನ್ನು ವಿವರಿಸಿರಿ.
1. “ನಿನ್ನ ಮೈಗಿ ಯಾಕ ಕಾಯವಲ್ಲಿ?”
2. “ಕೆಟ್ಟ ದೇಹಾರೋಗ್ಯವನ್ನು ಹಿಂದಕ್ಕೆ ಕೊಡುವವರಾರು?”

ಈ. ಬಿಡಿಸಿ ಬರೆದು ಸಂಧಿಯನ್ನು ಹೆಸರಿಸಿರಿ.
ಸೂರ್ಯೋದಯ, ದೇಹಾರೋಗ್ಯ, ಊರೂರು