ನಕ್ಷತ್ರದ ವಯಸ್ಸು ಎಷ್ಟು?

"ನಿಮ್ಮ ವಯಸ್ಸು ಎಷ್ಟು ಅಕ್ಕಾ?"

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಲಿಕಾ ಕೇಂದ್ರಗಳಲ್ಲಿ ನಾವು ಹೆಸರು ಬರೆದುಕೊಳ್ಳುವಾಗ ಹೀಗೆ ಕೇಳುತ್ತೇವೆ.

"ಯಾರು ಬರದಿಟ್ಟಾರ್ರೀ? 72ರ ಬರದಾಗ ನಾ ಸಾಲಿಗಿ ಹೋಗೂವಷ್ಟು ಇದ್ದೆ. ಕಳಸಲಿಲ್ಲ."

ಅಷ್ಟು ಸಾಕು. ಕೂಡಿಸಿ, ಕಳೆದು ವಯಸ್ಸು ಹಿಡಿಯುತ್ತೇವೆ. ವೃದ್ಧಾಪ್ಯ ವೇತನಕ್ಕೆ ಅದು ಬೇಕಲ್ಲ!

ನಕ್ಷತ್ರದ ಹುಟ್ಟನ್ನೂ ಯಾರೂ ಬರೆದಿಟ್ಟಿಲ್ಲ. ಆದರೂ ವಯಸ್ಸು ತಿಳಿಯುತ್ತದೆ. ಹೇಗೆ?

ಕುಲುಮೆಯ ಕಬ್ಬಿಣ ನೋಡಿದ್ದೀರಿ. ಮೊದಲು ಕೆಂಪಗಾಗುತ್ತದೆ. ಇನ್ನೂ ಕಾದರೆ ಬೆಳ್ಳಗಾಗುತ್ತದೆ. ನಕ್ಷತ್ರ ಅದಕ್ಕಿಂತಲೂ ಕಾದರೆ ನೀಲಿ. ದೊಡ್ಡ ನೀಲಿ ನಕ್ಷತ್ರ ಬಹಳ ದಿನ ಬಾಳುವುದಿಲ್ಲ. ಬತ್ತಿ ಏರಿಸಿದ ಕಂದೀಲು ಎಣ್ಣೆ ಬೇಗ ಕುಡಿಯುತ್ತದಲ್ಲ, ಹಾಗೆ. ಆದ್ದರಿಂದ ನೀಲಿ ನಕ್ಷತ್ರಗಳು ಇರುವ ಕಡೆ ಹುಟ್ಟು ಇತ್ತೀಚಿನದು.

ಡಿಸೆಂಬರ್ ತಿಂಗಳ ರಾತ್ರಿ ಮೂಡಣಕ್ಕೆ ನೋಡಿ. ಕೃತ್ತಿಕೆಯ ಗುಂಪು ಕಾಣುತ್ತದೆ. ಅವು ನೀಲಿ. ವಯಸ್ಸು ಸುಮಾರು 10 ಕೋಟಿ ವರ್ಷ. ನಮ್ಮ ಸೂರ್ಯನಿಗೆ ಸುಮಾರು 460 ಕೋಟಿ ವರ್ಷ. ಕೃತ್ತಿಕೆ ಇನ್ನೂ ಕೂಸು! ಅದರ ಕೆಳಗೆ ಕೆಂಪಗೆ ಹೊಳೆಯುವುದು ರೋಹಿಣಿ. ಅದು ಹಿರಿಯದು.

ಆದರೆ ಕೆಂಪಾದದ್ದೆಲ್ಲ ಹಿರಿಯದಲ್ಲ. ಆರಿದ್ರಾ ನಕ್ಷತ್ರವೂ ಕೆಂಪು. ಅದರ ವಯಸ್ಸು ಸುಮಾರು 1 ಕೋಟಿ ವರ್ಷ ಮಾತ್ರ. ಭಾರೀ ಗಾತ್ರದ್ದು, ಬೇಗ ಮುಪ್ಪಾಯಿತು. ಅದಕ್ಕೇ ಒಂದೇ ನಕ್ಷತ್ರ ನೋಡಿ ಲೆಕ್ಕ ಹಾಕಬಾರದು. ಗುಂಪನ್ನೇ ನೋಡಬೇಕು.

ನಕ್ಷತ್ರಗಳ ದೊಡ್ಡ ಊರಿಗೆ ಗೆಲಾಕ್ಸಿ ಎನ್ನುತ್ತಾರೆ. ನಮ್ಮ ಊರು ಆಕಾಶಗಂಗೆ. ಅದರ ಸುತ್ತ ತೋಟದ ವಸ್ತಿಗಳಂತೆ ಸಣ್ಣ ಗೆಲಾಕ್ಸಿಗಳಿವೆ. ಅವುಗಳಲ್ಲಿ ಎರಡರ ಹೆಸರು ಮೆಗೆಲನ್ ಮೋಡಗಳು. ಒಂದು ದೊಡ್ಡದು, ಒಂದು ಚಿಕ್ಕದು. ಅವು ದಕ್ಷಿಣದ ಅಂಚಿನಲ್ಲಿವೆ, ನಮ್ಮ ಊರಿಂದ ಕಾಣುವುದು ಕಷ್ಟ. ಚಿಕ್ಕ ಮೋಡದ ಬೆಳಕು ನಮಗೆ ತಲುಪಲು ಸುಮಾರು 2 ಲಕ್ಷ ವರ್ಷ ಬೇಕು.

ಹಿಟ್ಟಿದ್ದರೆ ರೊಟ್ಟಿ, ಅನಿಲವಿದ್ದರೆ ನಕ್ಷತ್ರ. ಆದರೆ ಎಲ್ಲ ಕಾಲದಲ್ಲೂ ಒಂದೇ ಸಮ ಹುಟ್ಟುವುದಿಲ್ಲ. ದೊಡ್ಡ ಮೋಡದಲ್ಲಿ ತೀರ ಹಳೆಯ ನಕ್ಷತ್ರ ಗುಂಪುಗಳಿವೆ. ಸುಮಾರು 300 ಕೋಟಿ ವರ್ಷದ ಈಚಿನವೂ ಬಹಳ ಇವೆ. ನಡುವಿನ ವಯಸ್ಸಿನ ಗುಂಪು ಇಲ್ಲವೆನ್ನುವಷ್ಟು ಕಡಿಮೆ. ನಡುವೆ ಬರ ಬಿದ್ದಂತೆ!

ಇದನ್ನು ನಮ್ಮ ಕರ್ನಾಟಕದವರೂ ಅಭ್ಯಾಸ ಮಾಡುತ್ತಾರೆ. ಬೆಂಗಳೂರಿನಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆ ಇದೆ. ಅನ್ನಪೂರ್ಣಿ ಸುಬ್ರಮಣಿಯಂ ಎಂಬ ವಿಜ್ಞಾನಿ 2019ರಲ್ಲಿ ಅದರ ನಿರ್ದೇಶಕಿಯಾದರು. ಸಂಸ್ಥೆಯ ಹೊಸಕೋಟೆಯ ಕೇಂದ್ರದಲ್ಲಿ ಒಂದು ದೂರದರ್ಶಕವನ್ನು ಜೋಡಿಸಿದರು. ಎಳೆಯ ನಕ್ಷತ್ರಗಳ ಒಂದು ಬಗೆಯ ಬೆಳಕು ನಮ್ಮ ಕಣ್ಣಿಗೆ ಕಾಣದು. ಗಾಳಿಯೂ ಅದನ್ನು ತಡೆಯುತ್ತದೆ. ಅದಕ್ಕೇ 2015ರ ಸೆಪ್ಟೆಂಬರ್ 28ರಂದು ಆಸ್ಟ್ರೋಸ್ಯಾಟ್ ಉಪಗ್ರಹದಲ್ಲಿ ಅದನ್ನು ಮೇಲೆ ಕಳಿಸಿದರು. ಅದರಿಂದ ಚಿಕ್ಕ ಮೋಡದ ಒಂದು ಅಂಚನ್ನು ನೋಡಿದರು. ಅಲ್ಲಿ ಸುಮಾರು 26 ಕೋಟಿ ವರ್ಷದ ಹಿಂದೊಮ್ಮೆ, 6 ಕೋಟಿ ವರ್ಷದ ಹಿಂದೊಮ್ಮೆ ಹುಟ್ಟು ಹೆಚ್ಚಾಗಿತ್ತು. ಅಕ್ಕಪಕ್ಕದ ಮೋಡಗಳು ಒಂದನ್ನೊಂದು ಸೆಳೆದಾಗ ಅನಿಲ ಒತ್ತಿಕೊಂಡು ಹೀಗೆ ಆಗುತ್ತದೆ.

ಬರೆಯಿರಿ: ನಿಮ್ಮ ಮನೆಯವರ ಹೆಸರು, ಹುಟ್ಟಿದ ವರ್ಷ. ವರ್ಷ ಗೊತ್ತಿಲ್ಲವೇ? ಯಾವ ಬರ, ಯಾವ ಮಳೆ, ಯಾರ ಮದುವೆಯ ವರ್ಷ ಎಂದು ಆಯಿಯನ್ನು ಕೇಳಿ. ಮೊದಲು ನಿಮ್ಮದೇ ಬರೆಯಿರಿ.