ಅಪ್‌ಡೇಟ್ ಆದ ಮೇಲೆ ಪರದೆ ಕಪ್ಪು!

ಪ್ರಶ್ನೆ: ಬ್ಲೆಂಡರ್ ಕಲಿಯಲೆಂದು ನನ್ನ ಉಬುಂಟು 24.04 ಲ್ಯಾಪ್‌ಟಾಪ್‌ಗೆ ಎನ್‌ವಿಡಿಯಾ ವೆಬ್‌ಸೈಟ್‌ನಿಂದ ಡ್ರೈವರ್ ಇಳಿಸಿ ಹಾಕಿಕೊಂಡಿದ್ದೆ. ಚೆನ್ನಾಗಿಯೇ ಓಡುತ್ತಿತ್ತು. ಮೊನ್ನೆ ಅಪ್‌ಡೇಟ್ ಆದದ್ದೇ ತಡ, ಪರದೆ ಕಪ್ಪಾಗಿ ನಿಂತುಬಿಟ್ಟಿದೆ. ಎಲ್ಲ ಅಳಿಸಿ ಹೊಸದಾಗಿ ಹಾಕಬೇಕೇ ಸರ್?
– ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಖಂಡಿತ ಬೇಡ. ನಿಮ್ಮ ಫೈಲುಗಳೆಲ್ಲ ಭದ್ರವಾಗಿವೆ. ಎನ್‌ವಿಡಿಯಾ ಡ್ರೈವರಿನ ಒಂದು ಭಾಗ ಉಬುಂಟುವಿನ ತಿರುಳಾದ ಕರ್ನಲ್‌ನೊಳಗೆ ಕೂರಬೇಕು. ಅದನ್ನು ಆಯಾ ಕರ್ನಲ್‌ಗೆ ತಕ್ಕಂತೆಯೇ ಕಟ್ಟಿರಬೇಕು. ನೀವು ಹಾಕಿದ್ದು ಹಳೆಯ ಕರ್ನಲ್‌ಗೆ ಕಟ್ಟಿದ್ದು. ಅಪ್‌ಡೇಟ್ ಹೊಸ ಕರ್ನಲ್ ತಂದಿತು, ಡ್ರೈವರ್ ಹಿಂದೆ ಉಳಿಯಿತು. ಉಬುಂಟುವಿನ ಜೊತೆಗೇ ಬರುವ ಮುಕ್ತ ಡ್ರೈವರ್ ನುವೋ ಇದ್ದರೂ, ವೆಬ್‌ಸೈಟ್‌ನ ಇನ್‌ಸ್ಟಾಲರ್ ಅದನ್ನು ತಡೆಹಿಡಿದಿರುತ್ತದೆ. ಹೀಗಾಗಿ ಎರಡೂ ಇಲ್ಲ.

ಕಂಪ್ಯೂಟರ್ ಆನ್ ಆಗುವಾಗ ಎಸ್ಕೇಪ್ ಕೀ ಒತ್ತಿ ಗ್ರಬ್ ಮೆನು ತರಿಸಿ, 'ಅಡ್ವಾನ್ಸ್‌ಡ್ ಆಪ್ಷನ್ಸ್'ನಲ್ಲಿ ಹಿಂದಿನ ಕರ್ನಲ್ ಆರಿಸಿ. ಡೆಸ್ಕ್‌ಟಾಪ್ ಬರುತ್ತದೆ. ಟರ್ಮಿನಲ್‌ನಲ್ಲಿ 'ಸುಡೋ ಎನ್‌ವಿಡಿಯಾ-ಅನ್‌ಇನ್‌ಸ್ಟಾಲ್' ಕೊಟ್ಟು ಹಳೆಯದನ್ನು ತೆಗೆಯಿರಿ. ಆಮೇಲೆ 'ಅಡಿಷನಲ್ ಡ್ರೈವರ್ಸ್' ತೆರೆದು, 'ಟೆಸ್ಟೆಡ್' ಎಂದು ಗುರುತಿಸಿರುವುದನ್ನು ಆರಿಸಿ ರೀಸ್ಟಾರ್ಟ್ ಮಾಡಿ. ಮುಂದೆ ಕರ್ನಲ್ ಬದಲಾದಾಗ ಅದಕ್ಕೆ ಹೊಂದುವ ಡ್ರೈವರ್ ಭಾಗವನ್ನು ಉಬುಂಟುವೇ ನೋಡಿಕೊಳ್ಳುತ್ತದೆ.

ಸೆಕ್ಯೂರ್ ಬೂಟ್ ಆನ್ ಇದ್ದರೆ ಇನ್‌ಸ್ಟಾಲ್ ವೇಳೆ ಒಂದು ಪಾಸ್‌ವರ್ಡ್ ಕೇಳಬಹುದು. ಕೇಳಿದ್ದರೆ, ರೀಸ್ಟಾರ್ಟ್ ಆದಾಗ ನೀಲಿ ಪರದೆ ಬರುತ್ತದೆ. ಗಾಬರಿಯಾಗಿ 'ಕಂಟಿನ್ಯೂ ಬೂಟ್' ಒತ್ತಬೇಡಿ. 'ಎನ್‌ರೋಲ್ ಎಂಒಕೆ' ಆರಿಸಿ ಅದೇ ಪಾಸ್‌ವರ್ಡ್ ಕೊಡಿ. ಇಲ್ಲಿ ತಪ್ಪಿದರೆ ಡ್ರೈವರ್ ಇದ್ದೂ ಕೆಲಸಕ್ಕೆ ಬರುವುದಿಲ್ಲ. ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವರು ಎಡವುವುದು ಇಲ್ಲಿಯೇ. ಕೊನೆಗೆ 'ಎನ್‌ವಿಡಿಯಾ-ಎಸ್‌ಎಂಐ' ಎಂದು ಟೈಪ್ ಮಾಡಿದಾಗ ಕಾರ್ಡಿನ ಹೆಸರು, ಡ್ರೈವರ್ ಸಂಖ್ಯೆ ಕಂಡರೆ ಎಲ್ಲ ಸರಿಯಾಗಿದೆ ಎಂದರ್ಥ.

ಪ್ರಶ್ನೆ: ನಮ್ಮ ಡಿಟಿಪಿ ಅಂಗಡಿಯ ಹಳೆಯ ಕಂಪ್ಯೂಟರಿನಲ್ಲಿ ಜಿಟಿ 710 ಕಾರ್ಡ್ ಇದೆ. ಹೊಸ ಡ್ರೈವರ್ ಹಾಕಿದರೆ ಕಾರ್ಡನ್ನೇ ಗುರುತಿಸುತ್ತಿಲ್ಲ. ಕಾರ್ಡ್ ಕೆಟ್ಟಿದೆಯೇ?
– ಓದುಗರು, ಹಾವೇರಿ

ಉತ್ತರ: ಕೆಟ್ಟಿಲ್ಲ. ಇದು ಕೆಪ್ಲರ್ ಪೀಳಿಗೆಯ ಕಾರ್ಡ್. ಎನ್‌ವಿಡಿಯಾ ಇದಕ್ಕೆ ಕೊಟ್ಟ ಕೊನೆಯ ಡ್ರೈವರ್ ಸರಣಿ 470. ಹೊಸ ಡ್ರೈವರ್ ಕಾರ್ಡನ್ನು ಗುರುತಿಸದಿರುವುದು ಅದಕ್ಕೇ. ಹೊಸ ಕೆಲಸಕ್ಕೆ ಹೊಸ ಕಾರ್ಡ್ ಕೊಳ್ಳಿ ಎಂದು ಅಂಗಡಿಯವರು ಹೇಳಬಹುದು. ಪುಟ ವಿನ್ಯಾಸಕ್ಕೆ ಅದರ ಅಗತ್ಯವಿಲ್ಲ. ನೀವು ಹಾಕಿದ ಹೊಸ ಡ್ರೈವರ್ ತೆಗೆದುಬಿಡಿ. ಉಬುಂಟುವಿನ ಜೊತೆಗೇ ಬರುವ ನುವೋ ಸಾಕು, ಅದನ್ನೇ ಇಟ್ಟುಕೊಳ್ಳಿ.